ಓದುಗರ ಪ್ರಶ್ನೆ, ಬಲ್ಲವರ ಉತ್ತರ: ಗುಲಾಮಗಿರಿಯ ಕಡತ ಬಿಚ್ಚಿದ ವಿಶ್ವವಿದ್ಯಾಲಯಗಳು

ಗುಲಾಮಗಿರಿಯ ಚರಿತ್ರೆಯನ್ನೂ ಅದು ಬಿಟ್ಟುಹೋದ ಪರಿಣಾಮಗಳನ್ನೂ ಅಧ್ಯಯನ ಮಾಡಲೆಂದೇ ಅಮೆರಿಕದ ಕೆಲವು ವಿಶ್ವವಿದ್ಯಾಲಯಗಳಲ್ಲಿ ಪ್ರತ್ಯೇಕ ಕೇಂದ್ರಗಳಿವೆ. ಅವುಗಳ ಉಪನ್ಯಾಸ, ಪ್ರದರ್ಶನ, ಕ್ಯಾಂಪಸ್ ನಡಿಗೆ, ಶಿಕ್ಷಕರ ಶಿಬಿರಗಳು ಹೊರಗಿನವರಿಗೂ ತೆರೆದಿರುತ್ತವೆ. ಈ ಕುರಿತು ಬಂದ ಪ್ರಶ್ನೆಗಳಲ್ಲಿ ಒಂದೇ ಬಗೆಯವನ್ನು ಕೂಡಿಸಿ ಇಲ್ಲಿ ಉತ್ತರಿಸಿದೆ.

ಪ್ರಶ್ನೆ: ಗುಲಾಮಗಿರಿ ಎಂದರೆ ದಕ್ಷಿಣ ರಾಜ್ಯಗಳ ಹತ್ತಿ ಹೊಲಗಳು ಎಂದೇ ನಾವು ಓದಿದ್ದು. ಉತ್ತರದ ರೋಡ್ ಐಲೆಂಡ್‌ನಲ್ಲಿರುವ ಬ್ರೌನ್ ವಿಶ್ವವಿದ್ಯಾಲಯಕ್ಕೂ ಇದಕ್ಕೂ ಏನು ನಂಟು?

ಉತ್ತರ: ರಮ್‌ನ ನಂಟು. ಕೆರಿಬಿಯನ್ ದ್ವೀಪಗಳಿಂದ ಕಾಕಂಬಿ ರೋಡ್ ಐಲೆಂಡ್‌ಗೆ ಬರುತ್ತಿತ್ತು. ಅಲ್ಲಿನ ಭಟ್ಟಿಗಳಲ್ಲಿ ಅದು ರಮ್ ಆಗುತ್ತಿತ್ತು. ಆ ರಮ್ಮನ್ನು ಪಶ್ಚಿಮ ಆಫ್ರಿಕಾದ ಕರಾವಳಿಗೆ ಒಯ್ದು ಮನುಷ್ಯರನ್ನು ಕೊಳ್ಳುತ್ತಿದ್ದರು, ಅವರನ್ನು ದ್ವೀಪಗಳಲ್ಲಿ ಮಾರಿ ಮತ್ತೆ ಕಾಕಂಬಿ ತರುತ್ತಿದ್ದರು. ಉತ್ತರ ಅಮೆರಿಕದಿಂದ ಹೊರಟ ಗುಲಾಮ ವ್ಯಾಪಾರದ ಯಾನಗಳಲ್ಲಿ ಶೇ 60ರಷ್ಟು ಹೊರಟದ್ದು ಈ ಪುಟ್ಟ ರೋಡ್ ಐಲೆಂಡ್‌ನಿಂದಲೇ.

ನಿಕೊಲಸ್, ಜೋಸೆಫ್, ಜಾನ್, ಮೋಸೆಸ್ ಎಂಬ ನಾಲ್ವರು ಬ್ರೌನ್ ಸಹೋದರರು ಪ್ರಾವಿಡೆನ್ಸ್ ಊರಿನ ದೊಡ್ಡ ವರ್ತಕರು, ಮುಂದೆ ಬ್ರೌನ್ ವಿಶ್ವವಿದ್ಯಾಲಯವಾದ ಕಾಲೇಜಿನ ಪೋಷಕರು. ಕಾಲೇಜು ಸ್ಥಾಪನೆಯಾದ 1764ರಲ್ಲೇ ಅವರ ಕಂಪನಿ 'ಸ್ಯಾಲಿ' ಎಂಬ ಹಡಗನ್ನು ಆಫ್ರಿಕಾಕ್ಕೆ ಕಳಿಸಿತು. ಸರಕು 17,000 ಗ್ಯಾಲನ್‌ಗೂ ಮೀರಿದ ರಮ್, ಜೊತೆಗೆ ಕೈಕೋಳ ಮತ್ತು ಕಾಲ್ಬೇಡಿ. ಕಪ್ತಾನ ಇಸೆಕ್ ಹಾಪ್ಕಿನ್ಸ್ ಇಟ್ಟ ಲೆಕ್ಕಪುಸ್ತಕ ಇಂದಿಗೂ ಉಳಿದಿದೆ. ಮೊದಲ ಪುಟಗಳಲ್ಲಿ ಯಾರಿಗೆ ಎಷ್ಟು ರಮ್ ಕೊಟ್ಟು ಯಾರನ್ನು ಕೊಂಡದ್ದು ಎಂಬ ವಿವರವಿದೆ. ಮುಂದೆ ಸಾವಿನ ಪಟ್ಟಿ ಶುರುವಾಗುತ್ತದೆ. 'ಒಬ್ಬ ಹುಡುಗ ಸತ್ತ', 'ಒಬ್ಬ ಹೆಂಗಸು ಸತ್ತಳು' ಎಂದು, ಹೆಸರಿಲ್ಲದೆ, ಎಣಿಕೆಯ ಸಂಖ್ಯೆಯೊಂದಿಗೆ. ಹಡಗಿನ ಒಳಅಂಕಣದಲ್ಲಿ ನೇಣು ಹಾಕಿಕೊಂಡ ಹೆಂಗಸೂ ಅದರಲ್ಲಿದ್ದಾಳೆ. 1765ರ ಆಗಸ್ಟ್ 28ರ ನಮೂದಿನಲ್ಲಿ ಬಂಧಿಗಳು ದಂಗೆಯೆದ್ದುದು, ಗುಂಡು ಹಾರಿಸಿ 8 ಜನರನ್ನು ಕೊಂದದ್ದು ಇದೆ. ಕೊಂಡು ತಂದ ಬಂಧಿಗಳು ಒಟ್ಟು 196, ಸತ್ತವರು ಕಡಿಮೆಯೆಂದರೂ 109. ಉಳಿದವರನ್ನು ಆಂಟಿಗುವಾ ದ್ವೀಪದಲ್ಲಿ ಮಾರಲಾಯಿತು. ಈ ಹಾಪ್ಕಿನ್ಸ್‌ನೇ ಮುಂದೆ ಅಮೆರಿಕದ ಕ್ರಾಂತಿ ಕಾಲದ ನೌಕಾಪಡೆಯ ಮೊದಲ ದಂಡನಾಯಕನಾದ.

ಯಾನದಲ್ಲಿ ಭಾರೀ ನಷ್ಟವಾಯಿತು. ಮೂವರು ಸಹೋದರರು ಈ ವ್ಯಾಪಾರದಿಂದ ಹಿಂದೆ ಸರಿದರು. ಮೋಸೆಸ್ 1773ರಲ್ಲಿ ತನ್ನ ಗುಲಾಮರನ್ನು ಬಿಡುಗಡೆ ಮಾಡಿ ಗುಲಾಮಗಿರಿಯ ವಿರೋಧಿಯಾದ. ಜಾನ್ ಮಾತ್ರ ಬಿಡಲಿಲ್ಲ. ವಿದೇಶಗಳಿಗೆ ಗುಲಾಮರನ್ನು ಸಾಗಿಸುವುದನ್ನು ನಿಷೇಧಿಸಿದ 1794ರ ಫೆಡರಲ್ ಕಾಯಿದೆಯಡಿ ಮೊದಲು ವಿಚಾರಣೆಗೆ ಗುರಿಯಾದ ಅಮೆರಿಕನ್ ಅವನೇ, 1797ರಲ್ಲಿ ಅವನ 'ಹೋಪ್' ಹಡಗು ಮುಟ್ಟುಗೋಲಾಯಿತು. ಒಂದೇ ಮನೆಯೊಳಗೆ ಎರಡೂ ಕಕ್ಷಿ ಇದ್ದುದರಿಂದಲೇ ಬ್ರೌನ್‌ನ ಕಥೆ ಪಾಠಕ್ಕೆ ಅಷ್ಟು ಒದಗಿಬರುತ್ತದೆ.

1770ರಲ್ಲಿ ಶುರುವಾದ ಕಾಲೇಜು ಕಟ್ಟಡದ ಲೆಕ್ಕದಲ್ಲೂ ಗುಲಾಮರ ದುಡಿಮೆಯಿದೆ. ಪೀರೋ, ಜಾಬ್ ಎಂಬಿಬ್ಬರ ಹೆಸರಾದರೂ ಸಿಗುತ್ತದೆ, ಇನ್ನಿಬ್ಬರನ್ನು ಇಂಥವರ ಆಳು ಎಂದು ಒಡೆಯರ ಹೆಸರಿನಿಂದಷ್ಟೇ ಬರೆದಿದೆ.

ಪ್ರಶ್ನೆ: ಇಂಥ ಸಮಿತಿಗಳ ವರದಿಗಳು ಸಾಮಾನ್ಯವಾಗಿ ಕಪಾಟು ಸೇರುತ್ತವೆ. ಬ್ರೌನ್‌ನಲ್ಲಿ ಏನಾಯಿತು?

ಉತ್ತರ: ಅರ್ಧ ಬೇಗ ಆಯಿತು, ಅರ್ಧ ಎಳೆದಾಡಿತು. ಅಮೆರಿಕದ ಹಳೆಯ, ಹೆಸರಾಂತ ವಿಶ್ವವಿದ್ಯಾಲಯಗಳ ಗುಂಪಾದ ಐವಿ ಲೀಗ್‌ನ ವಿಶ್ವವಿದ್ಯಾಲಯವೊಂದರ ಮೊದಲ ಕಪ್ಪು ಅಧ್ಯಕ್ಷೆ ರೂತ್ ಸಿಮನ್ಸ್ 2003ರಲ್ಲಿ ಗುಲಾಮಗಿರಿಯೊಂದಿಗಿನ ಈ ನಂಟನ್ನು ಶೋಧಿಸಲು ಸಮಿತಿ ನೇಮಿಸಿದರು, 2006ರಲ್ಲಿ ವರದಿ ಬಂತು. ಶಿಫಾರಸಿನಂತೆ 2012ರಲ್ಲಿ ಕೇಂದ್ರ ಆರಂಭವಾಯಿತು. ಅದಕ್ಕೆ ಈಗ ಸಿಮನ್ಸ್ ಅವರದೇ ಹೆಸರು. ಮೊದಲ ನಿರ್ದೇಶಕರು ಆಂಥನಿ ಬೋಗ್ಸ್. 2014ರಲ್ಲಿ ಮಾರ್ಟಿನ್ ಪರಿಯರ್ ರೂಪಿಸಿದ ಸ್ಮಾರಕ ಎದ್ದಿತು: ನೆಲದಲ್ಲಿ ಅರ್ಧ ಹೂತ ಕಬ್ಬಿಣದ ಗುಮ್ಮಟ, ಅದರಿಂದ ಮೇಲೆದ್ದ ದಪ್ಪ ಸರಪಳಿ, ತುಂಡಾದ ತುದಿಯಲ್ಲಿ ಆಕಾಶ ಕಾಣುವಷ್ಟು ಹೊಳಪು. ಪ್ರಾವಿಡೆನ್ಸ್‌ನ ಸರ್ಕಾರಿ ಶಾಲೆಗಳಿಗೆ 1 ಕೋಟಿ ಡಾಲರ್‌ನ ದತ್ತಿನಿಧಿ ಕೊಡುವುದಾಗಿ 2007ರಲ್ಲಿ ಒಪ್ಪಿಕೊಂಡದ್ದು ಮಾತ್ರ ಪೂರ್ತಿಯಾಗಿ ಕೂಡಿದ್ದು 2020ರಲ್ಲಿ. ಇಂಥ ಯಾವುದೇ ವರದಿಯನ್ನು ಓದುವಾಗ ಶಿಫಾರಸಿನ ಪಕ್ಕದಲ್ಲಿ ಹಣ ಎಲ್ಲಿಂದ, ಯಾವಾಗ ಎಂಬುದು ಇದೆಯೇ ಎಂದು ನೋಡಿ. ಇಲ್ಲದಿದ್ದರೆ ಕಪಾಟೇ ಗತಿ.

ಪ್ರಶ್ನೆ: ಅಲ್ಲಿಗೆ ಹೋಗಲಾಗದವರು ಈ ಕಾರ್ಯಕ್ರಮಗಳನ್ನು ನೋಡಬಹುದೇ?

ಉತ್ತರ: ಬಹಳಷ್ಟು ಉಪನ್ಯಾಸಗಳು ಉಚಿತ, ಮುಂಚಿತವಾಗಿ ನೋಂದಾಯಿಸಿಕೊಂಡರೆ ಸಾಕು. ಆನ್‌ಲೈನ್ ಕಾರ್ಯಕ್ರಮಗಳ ಧ್ವನಿಮುದ್ರಣಗಳೂ ಆಮೇಲೆ ಸಿಗುತ್ತವೆ. 1998ರಲ್ಲಿ ಇತಿಹಾಸಕಾರ ಡೇವಿಡ್ ಬ್ರಯನ್ ಡೇವಿಸ್ ಕಟ್ಟಿದ ಯೇಲ್‌ನ ಗಿಲ್ಡರ್ ಲೆಹ್ರ್‌ಮನ್ ಕೇಂದ್ರ ಈ ಬಗೆಯವುಗಳಲ್ಲಿ ಹಳೆಯದು. ವಾರ್ಷಿಕ ಸಮ್ಮೇಳನ, ಶಿಕ್ಷಕರ ಶಿಬಿರ, ಪಾಡ್‌ಕಾಸ್ಟ್, ಜೊತೆಗೆ ಈ ವಿಷಯದ ಉತ್ತಮ ಪುಸ್ತಕಕ್ಕೆ ಗುಲಾಮಗಿರಿಯಿಂದ ತಪ್ಪಿಸಿಕೊಂಡು ಅದರ ವಿರುದ್ಧ ಹೋರಾಡಿದ ಫ್ರೆಡರಿಕ್ ಡಗ್ಲಸ್ ಹೆಸರಿನ 25,000 ಡಾಲರ್ ಬಹುಮಾನ ಅದರ ಕೆಲಸಗಳು.

ಎಡವುವುದು ಸಮಯದಲ್ಲಿ. ಮಾರ್ಚ್‌ನ ಎರಡನೇ ಭಾನುವಾರದಿಂದ ನವೆಂಬರ್‌ನ ಮೊದಲ ಭಾನುವಾರದವರೆಗೆ ಈ ವಿಶ್ವವಿದ್ಯಾಲಯಗಳಿರುವ ಅಮೆರಿಕದ ಪೂರ್ವ ತೀರದ ಗಡಿಯಾರಕ್ಕೆ 9 ಗಂಟೆ 30 ನಿಮಿಷ ಸೇರಿಸಿದರೆ ಭಾರತೀಯ ಕಾಲ, ಉಳಿದ ತಿಂಗಳುಗಳಲ್ಲಿ 10 ಗಂಟೆ 30 ನಿಮಿಷ. ಮಧ್ಯಾಹ್ನ 12ರ ಕಾರ್ಯಕ್ರಮ ನಮಗೆ ರಾತ್ರಿ 9.30 ಅಥವಾ 10.30, ನೋಡಬಹುದು. ಅಲ್ಲಿನ ಸಂಜೆ 5.30ರದ್ದು ನಮಗೆ ಮರುದಿನ ಬೆಳಗಿನ ಜಾವ 3 ಇಲ್ಲವೇ 4. ಅಂಥದ್ದಕ್ಕೆ ಧ್ವನಿಮುದ್ರಣವೇ ಲೇಸು.

ಪ್ರಶ್ನೆ: ಸ್ಕ್ಯಾನ್ ಮಾಡಿ ಹಾಕಿರುವ ಮೂಲ ದಾಖಲೆಗಳನ್ನು ತೆರೆದರೆ ಕೈಬರಹವೇ ಅರ್ಥವಾಗುವುದಿಲ್ಲ. ಓದುವ ಕ್ರಮವೇನಾದರೂ ಇದೆಯೇ?

ಉತ್ತರ: ಇದೆ. ಮೊದಲ ಓದಿನಲ್ಲಿ ಅರ್ಥ ಹುಡುಕಬೇಡಿ, ಇದ್ದದ್ದನ್ನು ಇದ್ದಂತೆ ನಕಲು ಮಾಡಿಕೊಳ್ಳಿ. ಕಾಗುಣಿತ ತಿದ್ದಬೇಡಿ, ಸಂಕ್ಷೇಪಗಳನ್ನು ಬಿಡಿಸಬೇಡಿ, ಓದಲಾಗದ ಪದಕ್ಕೆ ಚೌಕ ಆವರಣದಲ್ಲಿ ಚುಕ್ಕಿಯಿಡಿ. ಪದ ಊಹಿಸಿ ಬರೆದುಬಿಟ್ಟರೆ ಹತ್ತು ಸಾಲು ಕಳೆಯುವಷ್ಟರಲ್ಲಿ ಅದು ಊಹೆ ಎಂಬುದೇ ಮರೆತುಹೋಗುತ್ತದೆ.

18ನೇ ಶತಮಾನದ ಇಂಗ್ಲಿಷ್ ಬರಹದಲ್ಲಿ ಪದದ ನಡುವಿನ 'ಎಸ್' ಅಕ್ಷರ ಉದ್ದವಾಗಿದ್ದು 'ಎಫ್'ನಂತೆ ಕಾಣುತ್ತದೆ. ಸಾಲಿನ ಆರಂಭದಲ್ಲಿ 'ಡಿ' ಮತ್ತು 'ಒ' ಎರಡೇ ಅಕ್ಷರವಿದ್ದರೆ ಅದು 'ಡಿಟೊ', ಅಂದರೆ ಮೇಲಿನದೇ. ಲೆಕ್ಕಪುಸ್ತಕದಲ್ಲಿ ಇದನ್ನು ತಪ್ಪಾಗಿ ಓದಿದರೆ ಒಬ್ಬ ವ್ಯಕ್ತಿಯೇ ಕಾಣೆಯಾಗಬಹುದು. ಹಣದ ಮೂರು ಕಾಲಂಗಳು ಪೌಂಡ್, ಶಿಲ್ಲಿಂಗ್, ಪೆನ್ಸ್: 12 ಪೆನ್ಸ್‌ಗೆ ಒಂದು ಶಿಲ್ಲಿಂಗ್, 20 ಶಿಲ್ಲಿಂಗ್‌ಗೆ ಒಂದು ಪೌಂಡ್. ವಸಾಹತುಗಳ ಪೌಂಡ್ ಬ್ರಿಟನ್‌ನ ಪೌಂಡ್‌ಗೆ ಸಮವಲ್ಲ. ರೋಡ್ ಐಲೆಂಡ್‌ನಲ್ಲಂತೂ ಹಳೆಯ ಕಾಗದದ ಹಣಕ್ಕೂ ಆಮೇಲಿನದಕ್ಕೂ ಅಜಗಜಾಂತರ. ಯಾವ ಹಣ ಎಂಬುದನ್ನು ಪುಟದ ತಲೆಯಲ್ಲಿ ನೋಡದೆ ಕೂಡಿಸಲು ಹೋಗಬೇಡಿ.

ತಾರೀಖಿನಲ್ಲೂ ಒಂದು ಗುಂಡಿಯಿದೆ. 1752ರವರೆಗೆ ಬ್ರಿಟಿಷ್ ವಸಾಹತುಗಳಲ್ಲಿ ಹೊಸ ವರ್ಷ ಶುರುವಾಗುತ್ತಿದ್ದುದು ಮಾರ್ಚ್ 25ಕ್ಕೆ. 1738ರ ಫೆಬ್ರುವರಿ ಎಂದು ಬರೆದಿದ್ದರೆ ಅದು ನಮ್ಮ ಲೆಕ್ಕದ 1739. ಇದು ತಿಳಿಯದವರಿಗೆ ಮಗು ತಾಯಿಯ ಮದುವೆಗಿಂತ ಮೊದಲೇ ಹುಟ್ಟಿದಂತೆ, ಹಡಗು ಹೊರಡುವ ಮೊದಲೇ ಹಿಂದಿರುಗಿದಂತೆ ಕಾಣುತ್ತದೆ. ಸ್ಯಾಲಿಯ ಲೆಕ್ಕಪುಸ್ತಕ ಇದಕ್ಕಿಂತ ಈಚಿನದು, ಆ ತೊಡಕಿಲ್ಲ. ಕಲಿಯಲು ಅದರಿಂದಲೇ ಆರಂಭಿಸಿ.

ಪ್ರಶ್ನೆ: ಕಪ್ಪು ಅಮೆರಿಕನ್ನರ ವಂಶಾವಳಿ 1870ಕ್ಕೆ ಬಂದು ನಿಂತುಬಿಡುತ್ತದೆ ಎನ್ನುತ್ತಾರಲ್ಲ, ಏಕೆ? ಅದರ ಆಚೆಗೆ ಹೇಗೆ ಹುಡುಕುತ್ತಾರೆ?

ಉತ್ತರ: ಗುಲಾಮರಾಗಿದ್ದ ಸುಮಾರು 40 ಲಕ್ಷ ಜನರನ್ನು ಹೆಸರು ಹಿಡಿದು ಎಣಿಸಿದ ಮೊದಲ ಜನಗಣತಿ 1870ರದ್ದು. 1850 ಮತ್ತು 1860ರಲ್ಲಿ ಗುಲಾಮರಿಗೆ ಬೇರೆ ಪಟ್ಟಿಯಿತ್ತು. ಅದರಲ್ಲಿ ಹೆಸರು ಒಡೆಯನದು ಮಾತ್ರ. ಕೆಳಗಿನ ಸಾಲುಗಳಲ್ಲಿ ವಯಸ್ಸು, ಲಿಂಗ, ಬಣ್ಣ, ಓಡಿಹೋದವರೇ, ಕುರುಡರೇ, ಕಿವುಡರೇ, ಇಷ್ಟೇ.

ಹುಡುಕಾಟ ಈಚಿನಿಂದ ಹಿಂದಕ್ಕೆ ಸಾಗಬೇಕು, ಒಂದು ಗಣತಿಯನ್ನೂ ಹಾರಿಸಬಾರದು. 1900ರದ್ದು ಹುಟ್ಟಿದ ತಿಂಗಳು, ವರ್ಷ ಕೊಡುತ್ತದೆ. 1890ರದ್ದು ಬಹುಪಾಲು 1921ರ ಬೆಂಕಿ ಅನಾಹುತದಲ್ಲಿ ಹಾಳಾಯಿತು, ಅಲ್ಲಿ 20 ವರ್ಷದ ಕಂದಕ. 1880ರದ್ದು ಮನೆ ಯಜಮಾನನಿಗೆ ಯಾರು ಏನಾಗಬೇಕು ಎಂದು ಹೇಳುತ್ತದೆ. 1870ರದ್ದು ಹೇಳುವುದಿಲ್ಲ, ಒಂದೇ ಮನೆಯಲ್ಲಿದ್ದ ಹೆಂಗಸನ್ನು ಹೆಂಡತಿ ಎಂದು ಬರೆದುಕೊಂಡರೆ ಅವಳು ಅತ್ತಿಗೆಯೋ ತಂಗಿಯೋ ಆಗಿರಬಹುದು. 1870ಕ್ಕೆ ತಲುಪಿದಾಗ ಆ ಮನೆಯೊಂದನ್ನೇ ಬರೆದುಕೊಳ್ಳದೆ ಹಿಂದಿನ, ಮುಂದಿನ ಹತ್ತಿಪ್ಪತ್ತು ಮನೆಗಳನ್ನೂ ಬರೆದುಕೊಳ್ಳಿ. ಬಿಡುಗಡೆಯಾದವರಲ್ಲಿ ಅನೇಕರು ಅದೇ ಸೀಮೆಯಲ್ಲಿ, ನಂಟರಿಷ್ಟರ ಪಕ್ಕದಲ್ಲಿ, ಎಷ್ಟೋ ಸಲ ಹಳೆಯ ಒಡೆಯನ ಜಮೀನಿನ ಹತ್ತಿರವೇ ಉಳಿದಿದ್ದರು.

1860ರ ಹೊತ್ತಿಗೆ ಕಪ್ಪು ಜನರಲ್ಲಿ ಹತ್ತಕ್ಕೊಬ್ಬರಿಗಿಂತ ತುಸು ಹೆಚ್ಚು ಮಂದಿ ಸ್ವತಂತ್ರರಾಗಿದ್ದರು, ಅವರ ಹೆಸರು ಸಾಮಾನ್ಯ ಗಣತಿಯಲ್ಲೇ ಇದೆ. ಅಲ್ಲಿ ಮೊದಲು ಹುಡುಕದೆ ಗುಲಾಮರ ಪಟ್ಟಿಗೆ ಜಿಗಿದು ತಿಂಗಳುಗಟ್ಟಲೆ ಕಳೆದವರಿದ್ದಾರೆ. ಅಲ್ಲಿಲ್ಲವೆಂದಾದರೆ ಫ್ರೀಡ್‌ಮೆನ್ಸ್ ಬ್ಯೂರೊ ಮತ್ತು ಫ್ರೀಡ್‌ಮನ್ಸ್ ಬ್ಯಾಂಕಿನ ಕಡತಗಳು. ಬ್ಯೂರೊ ಎಂದರೆ ಬಿಡುಗಡೆಯಾದ ಗುಲಾಮರ ನೆರವಿಗೆ ಸರ್ಕಾರ ತೆರೆದ ಇಲಾಖೆ, ಬ್ಯಾಂಕು ಅವರ ಉಳಿತಾಯಕ್ಕೆಂದು ಆದದ್ದು. ಎರಡೂ 1865ರ ಮಾರ್ಚ್ 3ರಂದು ಹುಟ್ಟಿದವು. ಬ್ಯೂರೊದಲ್ಲಿ ಕೂಲಿ ಕರಾರು, ಪಡಿತರದ ಪಟ್ಟಿ, ಮದುವೆ ದಾಖಲೆ ಸಿಗುತ್ತವೆ. ಬ್ಯಾಂಕಿನ ಖಾತೆ ಪುಸ್ತಕ ಇನ್ನೂ ಬೆಲೆಬಾಳುವಂಥದ್ದು: ಹುಟ್ಟಿದ ಊರು, ತಂದೆತಾಯಿ, ಒಡಹುಟ್ಟಿದವರು, ಮಕ್ಕಳು, ಹಳೆಯ ನಮೂನೆಗಳಲ್ಲಿ ಒಡೆಯನ ಹೆಸರು ಸಹ. ಮಾರಾಟವಾಗಿ ದೂರವಾದ ತಮ್ಮನ ಹೆಸರು ಬೇರೆಲ್ಲೂ ಸಿಗದೆ ಇಲ್ಲಿ ಸಿಗುವುದುಂಟು. (ಬ್ಯಾಂಕ್ 1874ರಲ್ಲಿ ಮುಳುಗಿತು. ಸುಮಾರು 61,000 ಠೇವಣಿದಾರರ ಹತ್ತಿರಹತ್ತಿರ 30 ಲಕ್ಷ ಡಾಲರ್ ಹೋಯಿತು. ಕಡತ ಉಳಿಯಿತು.)

ಒಡೆಯ ಯಾರೆಂದು ಗೊತ್ತಾದ ಮೇಲೆ ಅವನ ಉಯಿಲು, ಅವನು ಸತ್ತಾಗ ಕೋರ್ಟಿಗೆ ಸಲ್ಲಿಸಿದ ಆಸ್ತಿ ಪಟ್ಟಿ, ಸಾಲದ ಅಡಮಾನ ಪತ್ರಗಳನ್ನು ನೋಡಬೇಕು. ಗಣತಿಯಲ್ಲಿ ಇಲ್ಲದ ಹೆಸರುಗಳು ದನಕರು, ಮಂಚ, ನೇಗಿಲುಗಳ ಮಧ್ಯೆ ಡಾಲರ್ ಬೆಲೆಯೊಂದಿಗೆ ಇಲ್ಲಿರುತ್ತವೆ. ತಾಯಿಯ ಹೆಸರಿನ ಬೆನ್ನಿಗೇ ಚಿಕ್ಕ ಮಕ್ಕಳ ಹೆಸರಿರುವುದು ಸಾಮಾನ್ಯ, ಹಾಗಾಗಿ ಅಕ್ಷರಾನುಕ್ರಮಕ್ಕೆ ಜೋಡಿಸಿ ಆ ಸುಳಿವನ್ನು ಕೆಡಿಸಿಕೊಳ್ಳಬೇಡಿ.

ಎಲ್ಲಕ್ಕಿಂತ ಹೆಚ್ಚು ದಾರಿ ತಪ್ಪಿಸುವುದು ಅಡ್ಡಹೆಸರು. ಕೊನೆಯ ಒಡೆಯನ ಅಡ್ಡಹೆಸರನ್ನೇ ಎಲ್ಲರೂ ಇಟ್ಟುಕೊಂಡರು ಎಂದು ಹಿಡಿದರೆ ಕೆಟ್ಟಿರಿ. ಹಿಂದಿನ ಒಡೆಯನದು, ತಂದೆಯ ಕಡೆಯದು, ತಾವೇ ಆರಿಸಿಕೊಂಡದ್ದು, ಎಲ್ಲವೂ ಇವೆ.

ಪ್ರಶ್ನೆ: ಆಫ್ರಿಕಾದಿಂದ ಸಾಗಿಸಿದವರ ಸಂಖ್ಯೆ ಒಂದೊಂದು ಕಡೆ ಒಂದೊಂದು ಥರ ಇದೆ. ಯಾವುದನ್ನು ನಂಬುವುದು?

ಉತ್ತರ: 'ಸ್ಲೇವ್ ವಾಯೇಜಸ್' ಡೇಟಾಬೇಸ್ ಈಗ ಎಲ್ಲರೂ ಬಳಸುವ ಆಕರ. ಅದರ ಅಂದಾಜಿನಂತೆ ಹಡಗು ಹತ್ತಿಸಿದವರು ಸುಮಾರು 1.25 ಕೋಟಿ, ಜೀವಂತ ಇಳಿದವರು ಸುಮಾರು 1.07 ಕೋಟಿ. ಇಂದಿನ ಅಮೆರಿಕ ಸಂಯುಕ್ತ ಸಂಸ್ಥಾನದ ನೆಲಕ್ಕೆ ನೇರವಾಗಿ ಬಂದವರು 4 ಲಕ್ಷದೊಳಗೆ, ಬ್ರೆಜಿಲ್‌ಗೆ 50 ಲಕ್ಷದ ಹತ್ತಿರ. ಈ ಹೋಲಿಕೆ ನೋಡಿ ಬೆಚ್ಚುವವರೇ ಹೆಚ್ಚು.

ಅಲ್ಲಿ ಎರಡು ಬೇರೆ ಭಾಗಗಳಿವೆ. ಒಂದು, ದಾಖಲೆ ಸಿಕ್ಕ 36,000ದಷ್ಟು ಯಾನಗಳ ಪಟ್ಟಿ. ಇನ್ನೊಂದು, ಕಳೆದುಹೋದ ದಾಖಲೆಗಳನ್ನೂ ಲೆಕ್ಕಕ್ಕೆ ಹಿಡಿದ ಅಂದಾಜು. ಮೊದಲನೆಯದನ್ನು ಕೂಡಿಸಿ 'ಒಟ್ಟು' ಎಂದು ಬರೆದರೆ ಕಡಿಮೆ ಬರುತ್ತದೆ, ಪತ್ರಿಕೆಗಳ ಗೊಂದಲದ ಮೂಲ ಬಹುತೇಕ ಅದೇ. ಹಡಗಿನ ಹೆಸರಿನಿಂದ ಹುಡುಕುವಾಗ ವರ್ಷ ಮತ್ತು ಕಪ್ತಾನನ ಹೆಸರನ್ನೂ ಕೊಡಿ. ಸ್ಯಾಲಿ ಎಂಬ ಹೆಸರಿನ ಹಡಗುಗಳು ಬೇಕಾದಷ್ಟಿವೆ.

ಪ್ರಶ್ನೆ: ಅಂದಿನ ಹಣ ಇಂದಿನ ಎಷ್ಟಕ್ಕೆ ಸಮ?

ಉತ್ತರ: ಒಂದೇ ಅಂಕಿ ಕೊಟ್ಟವರನ್ನು ಅನುಮಾನಿಸಿ. ಸರಕಿನ ಬೆಲೆಗೆ ಹೋಲಿಸಿದರೆ ಒಂದು, ಕೂಲಿಗೆ ಹೋಲಿಸಿದರೆ ಇನ್ನೊಂದು, ದೇಶದ ಒಟ್ಟು ಸಂಪತ್ತಿನ ಪಾಲಿಗೆ ಹೋಲಿಸಿದರೆ ಮತ್ತೊಂದು. ಗುಲಾಮಗಿರಿಯಿಂದ ತನಗೆ ಬಂದ ದೇಣಿಗೆಗಳ ಇಂದಿನ ಮೌಲ್ಯ 1.67 ಕೋಟಿ ಪೌಂಡ್‌ನಿಂದ 19.8 ಕೋಟಿ ಪೌಂಡ್‌ವರೆಗೆ ಎಂದು ಸ್ಕಾಟ್ಲೆಂಡ್‌ನ ಗ್ಲಾಸ್ಗೊ ವಿಶ್ವವಿದ್ಯಾಲಯ 2018ರಲ್ಲಿ ಹೇಳಿತು. ಸುಮಾರು ಹನ್ನೆರಡು ಪಟ್ಟು ಅಂತರ, ಆದರೂ ಅದೇ ಪ್ರಾಮಾಣಿಕ ಉತ್ತರ. ಮರುವರ್ಷ ವೆಸ್ಟ್ ಇಂಡೀಸ್ ವಿಶ್ವವಿದ್ಯಾಲಯದೊಂದಿಗೆ 2 ಕೋಟಿ ಪೌಂಡ್‌ನ ಒಪ್ಪಂದ ಮಾಡಿಕೊಂಡಿತು.

ಪ್ರಶ್ನೆ: ವರ್ಜೀನಿಯಾ ವಿಶ್ವವಿದ್ಯಾಲಯದ ಸ್ಮಾರಕದ ಚಿತ್ರದಲ್ಲಿ ಕಲ್ಲಿನ ಮೇಲೆ ಹೆಸರಿಗಿಂತ ಗೀರುಗಳೇ ಹೆಚ್ಚಿವೆ. ಕೆಲಸ ಅಪೂರ್ಣವೇ?

ಉತ್ತರ: ಅಲ್ಲ. ಅಲ್ಲಿ ದುಡಿದ ಗುಲಾಮರು ಸುಮಾರು 4,000 ಎಂಬ ಅಂದಾಜಿದೆ. 80 ಅಡಿ ವ್ಯಾಸದ ಗ್ರಾನೈಟ್ ಬಳೆಯ ಮೇಲೆ ಪ್ರತಿಯೊಬ್ಬರಿಗೂ ಒಂದು ಗೀರು. ಸ್ಮಾರಕ ಕಟ್ಟುವಾಗ ಹೆಸರು ಗೊತ್ತಿದ್ದವರು 578 ಜನ. ಇನ್ನೂ 311 ಜನರ ಕಸುಬೋ ಸಂಬಂಧವೋ ಮಾತ್ರ ತಿಳಿದಿತ್ತು. ಹೊಸ ಹೆಸರು ಪತ್ತೆಯಾದರೆ ಗೀರಿನ ಮೇಲೆ ಕೆತ್ತಲು ಜಾಗವಿದೆ.

ಪ್ರಶ್ನೆ: ಕಾಲೇಜಿನಲ್ಲಿ ಇಂಥ ದಾಖಲೆ ಓದುವ ಕಾರ್ಯಕ್ರಮ ನಡೆಸುವುದು ಹೇಗೆ?

ಉತ್ತರ: 90 ನಿಮಿಷ, 20ರಿಂದ 24 ಜನ, ನಾಲ್ಕೈದು ಜನರ ಗುಂಪುಗಳು, ಎಲ್ಲ ಗುಂಪಿಗೂ ಒಂದೇ ಪುಟ. ಎ3 ಹಾಳೆಗೆ ದೊಡ್ಡದು ಮಾಡಿ ಮುದ್ರಿಸಿ. ಮೊದಲ 30 ನಿಮಿಷ ಬರೀ ನಕಲು. ಮುಂದಿನ 20 ನಿಮಿಷ ಇದನ್ನು ಯಾರು, ಯಾರಿಗಾಗಿ, ಏಕೆ ಬರೆದರು ಎಂಬುದು. ಆಮೇಲಿನ 20 ನಿಮಿಷ ಈ ಪುಟ ಯಾರ ಬಗ್ಗೆ ಇದೆಯೋ ಅವರ ಹೆಸರೇಕಿಲ್ಲ, ಅವರ ಬಗ್ಗೆ ಇದರಿಂದ ಏನೇನು ತಿಳಿಯಬಹುದು ಎಂಬುದು. ಉಳಿದದ್ದು ಪ್ರಶ್ನೆಗಳಿಗೆ.

ಕೆಡುವುದು ಸಾಮಾನ್ಯವಾಗಿ ಅತಿಥಿ ಭಾಷಣದಿಂದ. ಒಂದು ಗಂಟೆ ಭಾಷಣವಾದರೆ ದಾಖಲೆಯನ್ನು ಯಾರೂ ಮುಟ್ಟುವುದಿಲ್ಲ. ಹತ್ತು ಪುಟ ಕೊಟ್ಟರೆ ಹತ್ತನ್ನೂ ಮೇಲೆಮೇಲೆ ನೋಡುತ್ತಾರೆ. ಪೋಸ್ಟರ್‌ಗೆ ಬಾಸುಂಡೆಯ ಬೆನ್ನಿನ ಚಿತ್ರ ಬೇಡ, ಅದನ್ನು ತೋರಿಸಲೇಬೇಕಿದ್ದರೆ ಒಳಗೆ, ಮೊದಲೇ ಹೇಳಿ, ಯಾರದು, ಯಾರು ತೆಗೆದದ್ದು ಎಂಬ ವಿವರದೊಂದಿಗೆ. ಹರಾಜಿನ ಅಣಕು, ಹಡಗಿನ ಅಡಿಯಲ್ಲಿ ಮಲಗಿಸುವ 'ಅನುಭವ' ಬೇಡವೇ ಬೇಡ. ಅಮೆರಿಕದ ಶಾಲೆಗಳಲ್ಲಿ ಇಂಥವು ಮಕ್ಕಳನ್ನು ಘಾಸಿಗೊಳಿಸಿ, ಪೋಷಕರು ಬೀದಿಗಿಳಿಯುವವರೆಗೆ ಹೋಗಿವೆ. ಹಿಂಸೆಯ ಆಟ ಆಡಿದವರು ಕಲಿಯುವುದು ಆಟವನ್ನಷ್ಟೇ.

ಪ್ರಶ್ನೆ: ಇನ್ನೂರು ವರ್ಷ ಹಿಂದಿನವರ ತಪ್ಪಿಗೆ ಇಂದಿನವರು ಏಕೆ ಕ್ಷಮೆ ಕೇಳಬೇಕು?

ಉತ್ತರ: ವ್ಯಕ್ತಿಗಳು ಸಾಯುತ್ತಾರೆ, ಸಂಸ್ಥೆ ಸಾಯುವುದಿಲ್ಲ. ಹಳೆಯ ದತ್ತಿಯ ಬಡ್ಡಿಯನ್ನು ಇಂದಿಗೂ ಉಣ್ಣುವ ಸಂಸ್ಥೆ ಹಳೆಯ ಬಾಕಿ ಮಾತ್ರ ತನ್ನದಲ್ಲ ಎನ್ನಲಾಗದು. 1838ರಲ್ಲಿ ಮೇರಿಲ್ಯಾಂಡ್‌ನ ಜೆಸ್ಯೂಟರು, ಅಂದರೆ ಕ್ಯಾಥೊಲಿಕ್ ಪಾದ್ರಿಗಳ ಒಂದು ಸಂಘದವರು, 272 ಜನರನ್ನು 1,15,000 ಡಾಲರ್‌ಗೆ ಲೂಯಿಸಿಯಾನಾದವರಿಗೆ ಮಾರಿದರು, ಆ ಹಣದ ಒಂದು ಭಾಗ ಜಾರ್ಜ್‌ಟೌನ್ ಕಾಲೇಜಿನ ಸಾಲ ತೀರಿಸಿತು. ಮಾರಾಟದ ಪಟ್ಟಿಯ ಮೊದಲ ಹೆಸರು 65 ವರ್ಷದ ಐಸಾಕ್. ಮಾರಿದ ಪಾದ್ರಿ ಮಲ್ಲೆಡಿಯ ಹೆಸರಿದ್ದ ಕಟ್ಟಡಕ್ಕೆ 2017ರಲ್ಲಿ ಐಸಾಕ್ ಹಾಕಿನ್ಸ್ ಹೆಸರಿಟ್ಟರು. ವಂಶಸ್ಥರು ಅಷ್ಟಕ್ಕೇ ಸುಮ್ಮನಾಗಲಿಲ್ಲ, ಆಗಬೇಕಾಗಿಯೂ ಇರಲಿಲ್ಲ. 2021ರಲ್ಲಿ ಜೆಸ್ಯೂಟರು 10 ಕೋಟಿ ಡಾಲರ್ ಕೂಡಿಸುವ ಮಾತು ಕೊಟ್ಟರು.

ಪ್ರಶ್ನೆ: ಗುಲಾಮರಾಗಿದ್ದವರೇ ಹೇಳಿದ ಕಥನಗಳು ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿವೆಯಂತೆ. ಅವುಗಳಲ್ಲಿ ಕೆಲವರು ಒಡೆಯರನ್ನು ಹೊಗಳಿದ್ದಾರೆ. ಇದನ್ನು ಹೇಗೆ ತೆಗೆದುಕೊಳ್ಳುವುದು?

ಉತ್ತರ: 1936ರಿಂದ 1938ರವರೆಗೆ ಸರ್ಕಾರದ ಉದ್ಯೋಗ ಯೋಜನೆಯಡಿ ಸಂಗ್ರಹಿಸಿದ 2,300ಕ್ಕೂ ಹೆಚ್ಚು ಕಥನಗಳಿವು. ಹೇಳಿದವರು ಹಣ್ಣುಹಣ್ಣು ಮುದುಕರು, ಕಾಲ ಆರ್ಥಿಕ ಕುಸಿತದ್ದು, ಕೇಳಲು ಬಂದವರು ಬಹುಪಾಲು ಬಿಳಿಯರು, ಎಷ್ಟೋ ಸಲ ಅದೇ ಊರಿನ ಹಳೆಯ ಒಡೆಯರ ಮನೆತನಕ್ಕೆ ಬೇಕಾದವರು. ಹಾಗಾಗಿ ಪ್ರತಿ ಕಥನದಲ್ಲೂ ಮೊದಲು ಸಂದರ್ಶಕರ ಹೆಸರು ನೋಡಿ, ಹೇಳಿದವರ ವಯಸ್ಸು ಕಳೆದು ಗುಲಾಮಗಿರಿ ಕೊನೆಗೊಂಡ 1865ರಲ್ಲಿ ಎಷ್ಟು ವರ್ಷದವರಾಗಿದ್ದರು ಎಂದು ಲೆಕ್ಕ ಹಾಕಿ, ಆಮೇಲೆ ಓದಿ. ಆರು ವರ್ಷದ ಮಗು ಕಂಡದ್ದು ಬೇರೆ, ಇಪ್ಪತ್ತರ ಆಳು ಕಂಡದ್ದು ಬೇರೆ.

ಚಾರ್ಲ್ಸ್‌ಟನ್‌ನ ಸೂಸನ್ ಹ್ಯಾಮ್ಲಿನ್ ಅವರ ಎರಡು ಸಂದರ್ಶನಗಳಿವೆ, ಒಂದರಲ್ಲಿ ಅಡ್ಡಹೆಸರು ಹ್ಯಾಮಿಲ್ಟನ್ ಎಂದಿದೆ. ಬಿಳಿಯ ಹೆಂಗಸು ಹೋದಾಗ ಸೂಸನ್ ಆಕೆಯನ್ನು ನೆರವು ಕೊಡುವ ಇಲಾಖೆಯವಳೆಂದು ತಿಳಿದು, ಒಡೆಯ ಒಳ್ಳೆಯವನು ಎಂದರು. ಕಪ್ಪು ಸಂದರ್ಶಕ ಅಗಸ್ಟಸ್ ಲ್ಯಾಡ್ಸನ್ ಕೇಳಿದಾಗ ಚಾವಟಿಯೇಟು, ತಾಯಿಯಿಂದ ಮಗುವನ್ನು ಕಿತ್ತು ಮಾರಿದ್ದು ಹೊರಬಂತು. ಬೇರೆ ಯಾವುದನ್ನು ಓದುವ ಮೊದಲೂ ಇವೆರಡನ್ನು ಅಕ್ಕಪಕ್ಕ ಇಟ್ಟು ಓದಿ. ಉಳಿದ 2,300ರಲ್ಲಿ ಎಲ್ಲಿ ನಿಂತು ಅನುಮಾನಪಡಬೇಕು ಎಂಬುದು ಅಲ್ಲೇ ಗೊತ್ತಾಗುತ್ತದೆ.